ಮೀನಿನ ತೊಟ್ಟಿಯಲ್ಲಿ ನೀರಿನ ಹದ



ಸಂತೆಗೋ ಜಾತ್ರೆಗೋ ಪೇಟೆಗೆ ಹೋದ ಮಕ್ಕಳು ಪ್ಲಾಸ್ಟಿಕ್ ಚೀಲದಲ್ಲಿ ನಾಲ್ಕಾರು ಬಣ್ಣದ ಮೀನುಗಳನ್ನು ಮನೆಗೆ ತರುವುದು ಈಗ ಹಳ್ಳಿಗಳಲ್ಲಿಯೂ ಸಾಮಾನ್ಯವಾಗಿದೆ. ಮಗುವಿನ ಆಸೆಗೆ ತಂದೆ ಒಂದು ಗಾಜಿನ ತೊಟ್ಟಿಯನ್ನು ಕೊಡಿಸುತ್ತಾನೆ. ಕೆಲವು ವಾರ ಮೀನುಗಳು ಚೆನ್ನಾಗಿಯೇ ಓಡಾಡಿಕೊಂಡಿರುತ್ತವೆ. ಅಷ್ಟರಲ್ಲಿ ಹಬ್ಬ ಬರುತ್ತದೆ. ನೆಂಟರಿಷ್ಟರು ಬರುತ್ತಾರೆಂದು ತೊಟ್ಟಿಯ ನೀರನ್ನೆಲ್ಲ ಚೆಲ್ಲಿ, ತಳದ ಕಲ್ಲುಗಳನ್ನು ಉಜ್ಜಿ ತೊಳೆದು, ನಲ್ಲಿಯಿಂದ ಹೊಸ ನೀರನ್ನು ತುಂಬಲಾಗುತ್ತದೆ. ಕನ್ನಡಿಯಂತೆ ಹೊಳೆಯುವ ಆ ನೀರಿನಲ್ಲಿ ಮರುದಿನ ಬೆಳಿಗ್ಗೆ ಮೀನುಗಳು ಹೊಟ್ಟೆ ಮೇಲಾಗಿ ತೇಲುತ್ತಿರುತ್ತವೆ. ಮಗು ಅಳುತ್ತದೆ. ದೃಷ್ಟಿ ತಗುಲಿತು ಎಂದು ಅಜ್ಜಿ ಹೇಳುತ್ತಾಳೆ. ಅಂಗಡಿಯವನು ರೋಗದ ಮೀನು ಕೊಟ್ಟ ಎಂದು ತಂದೆ ಬೈಯುತ್ತಾನೆ.

ಇಂತಹ ಸಾವಿಗೆ ಬಹುಪಾಲು ಕಾರಣ ಮನೆಯವರು ಶ್ರದ್ಧೆಯಿಂದ ಮಾಡಿದ ಆ ಸ್ವಚ್ಛತೆಯೇ. ಹಿತ್ತಲಿನ ಸಿಮೆಂಟು ತೊಟ್ಟಿಯಲ್ಲಿ ಗಪ್ಪಿ, ಮೊಲ್ಲಿ ಮರಿಗಳನ್ನು ಬೆಳೆಸಿ ಮಾರುವ ಮಹಿಳೆಗೂ ಇದೇ ಅಪಾಯವಿದೆ. ಮೂರು ನಾಲ್ಕು ತಿಂಗಳ ದುಡಿಮೆ ಒಂದೇ ರಾತ್ರಿಯಲ್ಲಿ ಹೋಗಬಹುದು. ಮಣ್ಣಿಗೆ ಹದವಿರುವಂತೆ ನೀರಿಗೂ ಒಂದು ಹದವಿದೆ. ಆ ಹದವನ್ನು ಕೆಡದಂತೆ ಕಾಯುವುದೇ ಮೀನು ಸಾಕಣೆಯ ಮುಖ್ಯ ಕೆಲಸ.

ಕೆರೆಗೂ ತೊಟ್ಟಿಗೂ ಇರುವ ವ್ಯತ್ಯಾಸ

ಒಂದು ಎಕರೆ ವಿಸ್ತಾರದ, ಒಂದು ಮೀಟರ್ ಆಳದ ಕೆರೆಯಲ್ಲಿ ಸುಮಾರು 40 ಲಕ್ಷ ಲೀಟರ್ ನೀರಿರುತ್ತದೆ. ಬಿಸಿಲಾಗಲಿ, ಚಳಿಯಾಗಲಿ, ಕೊಳೆಯಾಗಲಿ ಅಷ್ಟು ನೀರನ್ನು ಒಮ್ಮೆಲೇ ಬದಲಿಸಲಾರದು. ಎರಡು ಅಡಿ ಉದ್ದ, ಒಂದು ಅಡಿ ಅಗಲ, ಒಂದು ಅಡಿ ಎತ್ತರದ ಗಾಜಿನ ತೊಟ್ಟಿಯ ಪೂರ್ಣ ಅಳತೆ ಸುಮಾರು 56 ಲೀಟರ್. ಕಲ್ಲು ಹಾಕಿ, ಮೇಲೆ ಸ್ವಲ್ಪ ಜಾಗ ಬಿಟ್ಟರೆ ಉಳಿಯುವುದು 45 ಲೀಟರ್ ಮಾತ್ರ. ಒಂದು ಹಿಡಿ ಹೆಚ್ಚಿನ ಆಹಾರ ಬಿದ್ದರೂ ಇಷ್ಟು ನೀರು ಕೆಡುತ್ತದೆ. ಆದ್ದರಿಂದ ಚಿಕ್ಕ ತೊಟ್ಟಿ ಸುಲಭ, ದೊಡ್ಡದು ಕಷ್ಟ ಎಂಬ ಭಾವನೆ ತಪ್ಪು. ಹೊಸಬರಿಗೆ ದೊಡ್ಡ ತೊಟ್ಟಿಯೇ ಸುಲಭ. ಬಾಯಿ ಕಿರಿದಾದ ಗುಂಡು ಬುರುಡೆಯಲ್ಲಿ ನೀರೂ ಕಡಿಮೆ, ಗಾಳಿ ತಾಗುವ ಮೇಲ್ಮೈಯೂ ಕಡಿಮೆ. ಅದು ಮೀನಿನ ವಾಸಕ್ಕೆ ತಕ್ಕದ್ದಲ್ಲ.

ಕಾಣದ ಕೆಲಸಗಾರರು

ಮೀನು ಕಿವಿರುಗಳ ಮೂಲಕ ಅಮೋನಿಯಾವನ್ನು ಹೊರಹಾಕುತ್ತದೆ. ಉಳಿದ ಆಹಾರ, ಮಲ, ಕೊಳೆತ ಎಲೆಗಳಿಂದಲೂ ಅಮೋನಿಯಾ ಹುಟ್ಟುತ್ತದೆ. ಇದು ಮೀನಿಗೆ ವಿಷ. ಹೊಲಕ್ಕೆ ಅಮೋನಿಯಂ ಸಲ್ಫೇಟ್ ಹಾಕಿದಾಗ ಮಣ್ಣಿನ ಸೂಕ್ಷ್ಮಾಣು ಜೀವಿಗಳು ಅದನ್ನು ಮೊದಲು ನೈಟ್ರೈಟ್ ಆಗಿಯೂ ಬಳಿಕ ನೈಟ್ರೇಟ್ ಆಗಿಯೂ ಪರಿವರ್ತಿಸುವುದನ್ನು ರೈತರು ಬಲ್ಲರು. ತೊಟ್ಟಿಯಲ್ಲಿ ನಡೆಯುವುದೂ ಅದೇ ಕ್ರಿಯೆ. ಫಿಲ್ಟರಿನ ಸ್ಪಂಜು, ತಳದ ಕಲ್ಲು, ಗಾಜಿನ ಒಳಮೈ ಇವುಗಳ ಮೇಲೆ ಲೋಳೆಯಂತೆ ಅಂಟಿಕೊಂಡಿರುವ ಜೀವಿಗಳು ಹಗಲಿರುಳೂ ಈ ಕೆಲಸವನ್ನು ಮಾಡುತ್ತವೆ. ನೈಟ್ರೈಟನ್ನು ನೈಟ್ರೇಟ್ ಮಾಡುವುದು ನೈಟ್ರೊಬ್ಯಾಕ್ಟರ್ ಎಂದು ಬಹುಕಾಲ ತಿಳಿಯಲಾಗಿತ್ತು. ಸಿಹಿನೀರಿನ ತೊಟ್ಟಿಗಳಲ್ಲಿ ಆ ಕೆಲಸ ಮಾಡುವುದು ಮುಖ್ಯವಾಗಿ ನೈಟ್ರೊಸ್ಪೈರ ಗುಂಪಿನ ಜೀವಿಗಳು ಎಂದು 1998ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿತು.

ನೈಟ್ರೈಟ್ ಸಹ ಅಪಾಯಕಾರಿ. ಅದು ರಕ್ತವನ್ನು ಸೇರಿ ಆಮ್ಲಜನಕವನ್ನು ಒಯ್ಯುವ ಶಕ್ತಿಯನ್ನು ಕುಂದಿಸುತ್ತದೆ. ಮೀನಿನ ರಕ್ತ ಕಂದು ಬಣ್ಣಕ್ಕೆ ತಿರುಗುತ್ತದೆ. ನೀರಿನಲ್ಲಿ ಆಮ್ಲಜನಕವಿದ್ದರೂ ಮೀನು ಉಸಿರುಗಟ್ಟಿ ಮೇಲೆ ಬಂದು ಬಾಯಿ ಬಿಡುತ್ತದೆ. ನೈಟ್ರೇಟ್ ಮಾತ್ರ ಅಷ್ಟು ವಿಷವಲ್ಲ. ವಾರಕ್ಕೊಮ್ಮೆ ಸ್ವಲ್ಪ ನೀರು ಬದಲಿಸಿದರೆ ಅದು ಹತೋಟಿಯಲ್ಲಿರುತ್ತದೆ.

ಹೊಸ ತೊಟ್ಟಿಯಲ್ಲಿ ಈ ಜೀವಿಗಳು ನೆಲೆಯೂರಲು 4ರಿಂದ 6 ವಾರ ಬೇಕು. ಈ ಅವಧಿಯಲ್ಲಿಯೇ ಹೆಚ್ಚು ಮೀನುಗಳು ಸಾಯುತ್ತವೆ. ಹಾಲಿಗೆ ಹೆಪ್ಪು ಹಾಕಿದಂತೆ ಇಲ್ಲಿಯೂ ಹೆಪ್ಪು ಹಾಕಬಹುದು. ಆರೋಗ್ಯವಾದ ಮೀನುಗಳಿರುವ ಹಳೆಯ ತೊಟ್ಟಿಯಿಂದ ಒಂದು ತುಂಡು ಸ್ಪಂಜನ್ನು ಅಥವಾ ಎರಡು ಹಿಡಿ ಕಲ್ಲನ್ನು ಒಣಗದಂತೆ ತಂದು ಹೊಸ ಫಿಲ್ಟರಿನಲ್ಲಿಟ್ಟರೆ ಕೆಲಸ ಬೇಗ ಆರಂಭವಾಗುತ್ತದೆ. ಹಬ್ಬದ ದಿನ ಎಲ್ಲವನ್ನೂ ಉಜ್ಜಿ ತೊಳೆಯುವುದೆಂದರೆ ಮನೆಯಲ್ಲಿದ್ದ ಹೆಪ್ಪನ್ನೆಲ್ಲ ಚೆಲ್ಲಿ ಮರುದಿನ ಮೊಸರು ಬೇಕೆಂದಂತೆ.

ಯಾವ ನೀರು, ಯಾವ ಮೀನು

ನೀರಿನ ಹುಳಿ ಅಥವಾ ಕ್ಷಾರ ಗುಣವನ್ನು ತೋರಿಸುವ ಅಳತೆಯೇ ರಸಸಾರ. ಮಣ್ಣು ಪರೀಕ್ಷೆಯ ಚೀಟಿಯಲ್ಲಿ ಇದನ್ನು ರೈತರು ನೋಡಿಯೇ ಇರುತ್ತಾರೆ. ಅಮೋನಿಯಾದ ವಿಷ ಈ ರಸಸಾರವನ್ನು ಅವಲಂಬಿಸಿದೆ. ನೀರಿನ ಉಷ್ಣತೆ 25 ಡಿಗ್ರಿ ಸೆಲ್ಸಿಯಸ್ ಇದ್ದು ರಸಸಾರ 7 ಆಗಿದ್ದರೆ ಒಟ್ಟು ಅಮೋನಿಯಾದಲ್ಲಿ ವಿಷರೂಪದ ಪಾಲು ನೂರಕ್ಕೆ 1ಕ್ಕಿಂತ ಕಡಿಮೆ. ರಸಸಾರ 8 ಆದರೆ ಸುಮಾರು 5. ರಸಸಾರ 9 ಆದರೆ 35ನ್ನೂ ಮೀರುತ್ತದೆ. ಬಹುಕಾಲ ನೀರು ಬದಲಿಸದ ಹಳೆಯ ತೊಟ್ಟಿಯಲ್ಲಿ ರಸಸಾರ ಇಳಿದಿರುತ್ತದೆ. ಅಮೋನಿಯಾ ಸೇರಿಕೊಂಡಿದ್ದರೂ ಮೀನು ಹೇಗೋ ಬದುಕಿರುತ್ತದೆ. ಅದಕ್ಕೆ ಒಮ್ಮೆಲೇ ಕ್ಷಾರಗುಣದ ಕೊಳವೆ ಬಾವಿ ನೀರನ್ನು ಸುರಿದರೆ ರಸಸಾರ ಏರಿ, ತಣ್ಣಗೆ ಕುಳಿತಿದ್ದ ಅಮೋನಿಯಾ ವಿಷವಾಗುತ್ತದೆ. ಒಳ್ಳೆಯ ನೀರು ಹಾಕಿದರೂ ಮೀನು ಸತ್ತಿತು ಎಂಬ ದೂರಿಗೆ ಇದೂ ಒಂದು ಕಾರಣ.

ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಮುಂತಾದ ಬಯಲುಸೀಮೆಯ ಕೊಳವೆ ಬಾವಿಗಳ ನೀರು ಸಾಮಾನ್ಯವಾಗಿ ಗಡಸು. ಈ ನೀರಿಗೆ ಗಪ್ಪಿ, ಮೊಲ್ಲಿ, ಪ್ಲಾಟಿ ಮೀನುಗಳು ಚೆನ್ನಾಗಿ ಹೊಂದುತ್ತವೆ. ಮಲೆನಾಡು, ಕರಾವಳಿಯ ಮೆದು ನೀರಿಗೆ ಟೆಟ್ರಾ ಜಾತಿಯ ಮೀನುಗಳು ಹೊಂದುತ್ತವೆ. ಭಾರತದ ಹಳ್ಳಕೊಳ್ಳಗಳದೇ ಆದ ಜೀಬ್ರಾ ಮೀನು ಗಡಸು, ಮೆದು ಎರಡನ್ನೂ ತಾಳಿಕೊಳ್ಳುತ್ತದೆ; ಚಳಿಯನ್ನೂ ಸಹಿಸುತ್ತದೆ. ಮೀನಿಗೆ ತಕ್ಕಂತೆ ನೀರನ್ನು ಮಾರ್ಪಡಿಸಲು ದಿನವೂ ಒದ್ದಾಡುವುದಕ್ಕಿಂತ ಮನೆಯಲ್ಲಿರುವ ನೀರಿಗೆ ತಕ್ಕ ಮೀನನ್ನು ಆರಿಸಿಕೊಳ್ಳುವುದು ಜಾಣತನ. ಮಣ್ಣು ನೋಡಿ ಬೆಳೆ ಇಡುವ ರೈತರಿಗೆ ಇದು ಹೊಸ ಮಾತಲ್ಲ.

ನೀರನ್ನು ಬಳಸುವ ಮೊದಲು ಈ ಅಂಶಗಳನ್ನು ಗಮನಿಸಬೇಕು:

1. ನಲ್ಲಿ ನೀರಿನಲ್ಲಿ ಕ್ಲೋರಿನ್ ಇರುತ್ತದೆ. ಅದು ಕಿವಿರುಗಳನ್ನು ಸುಡುತ್ತದೆ, ಉಪಯುಕ್ತ ಜೀವಿಗಳನ್ನೂ ಕೊಲ್ಲುತ್ತದೆ. ಅಗಲ ಬಾಯಿಯ ಪಾತ್ರೆಯಲ್ಲಿ ಒಂದೆರಡು ದಿನ ತೆರೆದಿಟ್ಟು ಬಳಸಬೇಕು. ಅವಸರವಿದ್ದರೆ ಹೈಪೊ ಹರಳು, ಅಂದರೆ ಸೋಡಿಯಂ ಥಯೊಸಲ್ಫೇಟನ್ನು 100 ಲೀಟರಿಗೆ 1 ಗ್ರಾಂನಂತೆ ಕರಗಿಸಬಹುದು. ಪಂಚಾಯಿತಿಯವರು ಮೇಲ್ತೊಟ್ಟಿಗೆ ಬ್ಲೀಚಿಂಗ್ ಪುಡಿ ಹಾಕಿದ ದಿನ, ಅದರ ಮರುದಿನ ನೀರು ಬದಲಿಸುವ ಕೆಲಸವನ್ನೇ ಮುಂದೂಡಬೇಕು.

2. ಕೊಳವೆ ಬಾವಿಯಿಂದ ಆಗತಾನೆ ಎತ್ತಿದ ನೀರಿನಲ್ಲಿ ಆಮ್ಲಜನಕ ಕಡಿಮೆ, ಇಂಗಾಲದ ಡೈಆಕ್ಸೈಡ್ ಹೆಚ್ಚು. ಒಂದು ದಿನ ತೆರೆದಿಟ್ಟು ಗಾಳಿಯಾಡಿಸಬೇಕು. ಆಗ ಅದರ ರಸಸಾರವೂ ಒಂದು ನೆಲೆಗೆ ಬರುತ್ತದೆ.

3. ಹಳ್ಳಿಯ ಶುದ್ಧ ಕುಡಿಯುವ ನೀರಿನ ಘಟಕದ ನೀರನ್ನೇ ತೊಟ್ಟಿಗೆ ತುಂಬಬಾರದು. ಅದರಲ್ಲಿ ಲವಣಗಳು ಬಹುಮಟ್ಟಿಗೆ ಹೋಗಿರುವುದರಿಂದ ರಸಸಾರ ಸ್ಥಿರವಾಗಿ ನಿಲ್ಲುವುದಿಲ್ಲ. ಬಹಳ ಗಡಸಾದ ನೀರಿನೊಂದಿಗೆ ಬೆರೆಸಿ ಬಳಸಬಹುದು. ಒಮ್ಮೆ ನಿಗದಿ ಮಾಡಿಕೊಂಡ ಪ್ರಮಾಣವನ್ನು ಮತ್ತೆ ಮತ್ತೆ ಬದಲಿಸಬಾರದು.

4. ಮಲೆನಾಡಿನ ಮೆದು ನೀರಿನಲ್ಲಿ ರಸಸಾರ ಬೇಗ ಇಳಿಯುತ್ತದೆ. ತೊಳೆದ ಕಪ್ಪೆಚಿಪ್ಪಿನ ಚೂರುಗಳನ್ನು ಬಟ್ಟೆಯಲ್ಲಿ ಕಟ್ಟಿ ಫಿಲ್ಟರಿನ ಬಳಿ ಇಟ್ಟರೆ ಅದು ನಿಧಾನವಾಗಿ ಕರಗಿ ಇಳಿತವನ್ನು ತಡೆಯುತ್ತದೆ.

ತೊಟ್ಟಿಯನ್ನು ಅಣಿಗೊಳಿಸುವುದು

ಎರಡು ಅಡಿಯ ತೊಟ್ಟಿ ನೀರು ಕಲ್ಲುಗಳೊಡನೆ 60 ಕಿಲೋಗ್ರಾಂಗೂ ಹೆಚ್ಚು ತೂಗುತ್ತದೆ. ಅಲುಗಾಡದ, ಸಮತಟ್ಟಾದ ಮೇಜಿನ ಮೇಲೆ ಥರ್ಮಾಕೋಲ್ ಹಾಳೆ ಹಾಸಿ ಅದರ ಮೇಲಿಡಬೇಕು. ನೇರ ಬಿಸಿಲು ಬೀಳುವ ಕಿಟಕಿಯ ಪಕ್ಕ ಇಡಬಾರದು. ಬಿಸಿಲಿನಿಂದ ನೀರು ಕಾಯುತ್ತದೆ, ಪಾಚಿ ಬೆಳೆದು ಹಸಿರಾಗುತ್ತದೆ. ಹಗಲಿನಲ್ಲಿ ಆಮ್ಲಜನಕ ಕೊಡುವ ಪಾಚಿಯೇ ರಾತ್ರಿ ಅದನ್ನು ಬಳಸಿಕೊಳ್ಳುತ್ತದೆ. ಬೆಳಗಿನ ಜಾವ ಮೀನು ಸಾಯಲು ಇದು ಕಾರಣವಾಗಬಹುದು. ತೊಟ್ಟಿಗೆ ಮುಚ್ಚಳವಿರಲೇಬೇಕು. ಮೀನು ಹೊರಕ್ಕೆ ಹಾರುವುದನ್ನೂ ಹಲ್ಲಿ ಒಳಗೆ ಬೀಳುವುದನ್ನೂ ಬೆಕ್ಕಿನ ಕಾಟವನ್ನೂ ಅದು ತಡೆಯುತ್ತದೆ.

ಮೀನುಗಳ ಸಂಖ್ಯೆಯಲ್ಲಿ ಆಸೆ ಪಡಬಾರದು. ಹೊಸಬರು 2 ಲೀಟರ್ ನೀರಿಗೆ 1 ಸೆಂಟಿಮೀಟರ್ ಉದ್ದದ ಮೀನು ಎಂದು ಲೆಕ್ಕ ಹಾಕುವುದು ಕ್ಷೇಮ. 45 ಲೀಟರ್ ತೊಟ್ಟಿಗೆ 3 ಸೆಂಟಿಮೀಟರಿನ 7 ಗಪ್ಪಿಗಳು ಸಾಕು. ಮೊದಲು 3 ಮೀನು ಬಿಟ್ಟು, ಎರಡು ವಾರಗಳ ಬಳಿಕ ಉಳಿದವನ್ನು ಬಿಡಬೇಕು. ಕಾಣದ ಕೆಲಸಗಾರರು ಕೆಲಸಕ್ಕೆ ತಕ್ಕಷ್ಟೇ ಹೆಚ್ಚುತ್ತಾರೆ ಎಂಬುದನ್ನು ನೆನಪಿಡಬೇಕು.

ವಾರದ ಕೆಲಸ

ವಾರಕ್ಕೊಮ್ಮೆ ನಾಲ್ಕನೆಯ ಒಂದು ಪಾಲು ನೀರನ್ನು ಮಾತ್ರ ಬದಲಿಸಬೇಕು. 45 ಲೀಟರಿನ ತೊಟ್ಟಿಗೆ ಇದು ಒಂದು ಕೊಡದಷ್ಟು ನೀರು. ತೆಳುವಾದ ರಬ್ಬರ್ ಕೊಳವೆಯಿಂದ ತಳದ ಕೊಳೆಯೊಡನೆ ನೀರನ್ನು ಬಕೇಟಿಗೆ ಇಳಿಸಿಕೊಳ್ಳಬೇಕು. ಸ್ಪಂಜು ಕಟ್ಟಿಕೊಂಡಿದ್ದರೆ ಬಕೇಟಿನಲ್ಲಿರುವ ಆ ಹಳೆಯ ನೀರಿನಲ್ಲಿಯೇ ಎರಡು ಸಲ ಹಿಂಡಿ ಮತ್ತೆ ಹಾಕಬೇಕು. ನಲ್ಲಿಯ ಕೆಳಗೆ ಹಿಡಿಯಬಾರದು. ಸಾಬೂನು, ಸೋಪಿನ ಪುಡಿ ತೊಟ್ಟಿಯ ಹತ್ತಿರವೂ ಸುಳಿಯಬಾರದು. ಹೊಸ ನೀರು ಹಳೆಯದರಷ್ಟೇ ಬೆಚ್ಚಗಿರಬೇಕು. ಅದನ್ನು ತಂಬಿಗೆಯಿಂದ ನಿಧಾನವಾಗಿ ಹಾಕಬೇಕು. ತೆಗೆದ ನೀರನ್ನು ಚೆಲ್ಲದೆ ಹೂಗಿಡ, ಕರಿಬೇವಿನ ಬುಡಕ್ಕೆ ಹಾಕಿದರೆ ಅದರಲ್ಲಿರುವ ನೈಟ್ರೇಟ್ ಗೊಬ್ಬರವಾಗುತ್ತದೆ.

ಆಹಾರದ ವಿಷಯದಲ್ಲಿ ಅತಿಯಾದರೆ ಅಮೃತವೂ ವಿಷ ಎಂಬ ಗಾದೆ ಅಕ್ಷರಶಃ ನಿಜ. ಎರಡು ಮೂರು ನಿಮಿಷದಲ್ಲಿ ತಿಂದು ಮುಗಿಸುವಷ್ಟನ್ನು ದಿನಕ್ಕೆ ಎರಡು ಸಲ ಕೊಟ್ಟರೆ ಸಾಕು. ವಾರಕ್ಕೊಂದು ದಿನ ಉಪವಾಸ ಹಾಕಿದರೂ ಬೆಳೆದ ಮೀನಿಗೆ ತೊಂದರೆಯಿಲ್ಲ. ಶೃಂಗೇರಿಯ ತುಂಗೆಯಲ್ಲಿ ಮೀನುಗಳಿಗೆ ಮಂಡಕ್ಕಿ ಹಾಕುವುದನ್ನು ನೋಡಿದವರು ಮನೆಯ ತೊಟ್ಟಿಗೂ ಮಂಡಕ್ಕಿ, ಅನ್ನದ ಅಗುಳು ಹಾಕುವುದುಂಟು. ಅದು ಹರಿಯುವ ಹೊಳೆ, ಇದು ನಿಂತ ನೀರು. ಮನೆಯಲ್ಲಿ ಆಹಾರ ಹಾಕುವ ಜವಾಬ್ದಾರಿ ಒಬ್ಬರದೇ ಆಗಿರಬೇಕು. ಬಂದವರೆಲ್ಲ ಒಂದೊಂದು ಚಿಟಿಕೆ ಹಾಕಿದರೆ ಸಂಜೆಯ ಹೊತ್ತಿಗೆ ನೀರು ಹಾಲಿನಂತೆ ಬೆಳ್ಳಗಾಗುತ್ತದೆ.

ರೈತರ ಮನೆಯಲ್ಲಿ ವಿಶೇಷ ಎಚ್ಚರಿಕೆ

ಪೈರಿಥ್ರಾಯಿಡ್ ಗುಂಪಿನ ಕೀಟನಾಶಕಗಳು ಮೀನಿಗೆ ಅತಿ ಸೂಕ್ಷ್ಮ ಪ್ರಮಾಣದಲ್ಲಿಯೂ ಮಾರಕ. ಹತ್ತಿಗೋ ತೊಗರಿಗೋ ಸಿಂಪರಣೆ ಮಾಡಿ ಬಂದವರು ಸ್ನಾನ ಮಾಡಿ, ಬಟ್ಟೆ ಬದಲಿಸುವವರೆಗೆ ತೊಟ್ಟಿಗೆ ಕೈ ಹಾಕಬಾರದು. ಔಷಧಿ ಬೆರೆಸಿದ ಬಕೇಟನ್ನು ಎಷ್ಟೇ ತೊಳೆದರೂ ಮೀನಿನ ನೀರಿಗೆ ಬಳಸಬಾರದು. ಈ ಕೆಲಸಕ್ಕೆಂದೇ ಒಂದು ಬಕೇಟು, ಒಂದು ತಂಬಿಗೆಯನ್ನು ಬೇರೆ ಇಡಬೇಕು. ಸೊಳ್ಳೆ ಬತ್ತಿ, ಸೊಳ್ಳೆ ದ್ರಾವಣದ ಯಂತ್ರಗಳಲ್ಲಿ ಇರುವುದೂ ಇದೇ ಗುಂಪಿನ ಔಷಧಿ. ಗಾಳಿ ಪಂಪು ಕೋಣೆಯ ಗಾಳಿಯನ್ನು ಎಳೆದು ನೀರಿಗೆ ತಳ್ಳುವುದರಿಂದ ಹೊಗೆಯೂ ನೀರಿಗಿಳಿಯುತ್ತದೆ. ಮೀನಿರುವ ಕೋಣೆಯಲ್ಲಿ ಸೊಳ್ಳೆ ಪರದೆಯೇ ಲೇಸು.

ವಿದ್ಯುತ್ ಕಡಿತವನ್ನೂ ಲೆಕ್ಕದಲ್ಲಿಟ್ಟುಕೊಳ್ಳಬೇಕು. ಸಮುದ್ರಮಟ್ಟದಲ್ಲಿ 20 ಡಿಗ್ರಿಯ ನೀರು ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡಿದರೆ 30 ಡಿಗ್ರಿಯಲ್ಲಿ ಹಿಡಿಯುವುದು ಸುಮಾರು ಏಳೂವರೆ ಮಾತ್ರ. ಆದ್ದರಿಂದ ಬೇಸಿಗೆಯ ಕಡಿತ ಹೆಚ್ಚು ಅಪಾಯ. ಮೀನು ಕಡಿಮೆಯಿದ್ದರೆ ಕೆಲವು ಗಂಟೆ ತಡೆದುಕೊಳ್ಳುತ್ತವೆ. ಕಡಿತ ಉದ್ದವಾದರೆ ಆಹಾರ ನಿಲ್ಲಿಸಿ, ತೊಟ್ಟಿಯ ನೀರನ್ನೇ ಲೋಟದಿಂದ ಎತ್ತಿ ಒಂದು ಗೇಣು ಮೇಲಿನಿಂದ ಹತ್ತಿಪ್ಪತ್ತು ಸಲ ಸುರಿಯಬೇಕು. ಅರ್ಧ ಗಂಟೆಗೊಮ್ಮೆ ಹೀಗೆ ಮಾಡಬಹುದು. ಗಾಳಿ ಪಂಪನ್ನು ನೀರಿನ ಮಟ್ಟಕ್ಕಿಂತ ಮೇಲಿಡಬೇಕು. ಕೆಳಗಿದ್ದರೆ ವಿದ್ಯುತ್ ಹೋದಾಗ ನೀರು ಕೊಳವೆಯಲ್ಲಿ ಹಿಂದಕ್ಕೆ ಹರಿದು ಪಂಪಿಗೆ ನುಗ್ಗುತ್ತದೆ. ಆಘಾತದ ಅಪಾಯವೂ ಉಂಟು. ನೀರಿಗೆ ಕೈ ಹಾಕುವ ಮೊದಲು ಎಲ್ಲ ಪ್ಲಗ್ಗುಗಳನ್ನು ಕೀಳುವ ಅಭ್ಯಾಸವನ್ನು ಮಕ್ಕಳಿಗೆ ಮೊದಲ ದಿನವೇ ಕಲಿಸಬೇಕು.

ಬಹುತೇಕ ಬಣ್ಣದ ಮೀನುಗಳಿಗೆ 24ರಿಂದ 28 ಡಿಗ್ರಿ ಉಷ್ಣತೆ ಹಿತ. ಡಿಸೆಂಬರ್, ಜನವರಿ ತಿಂಗಳ ಚಳಿಯಲ್ಲಿ ತೊಟ್ಟಿಯನ್ನು ಬಾಗಿಲ ಗಾಳಿಗೆ ಒಡ್ಡದೆ ರಾತ್ರಿ ಹೊದಿಕೆ ಸುತ್ತಬೇಕು. ಗಾಳಿಯಾಡಲು ಮೇಲ್ಭಾಗವನ್ನು ಪೂರ್ತಿ ಮುಚ್ಚಬಾರದು. ಹೀಟರ್ ಬಳಸುವುದಾದರೆ ಲೀಟರಿಗೆ 1 ವ್ಯಾಟ್ ಸಾಕು.

ಹೊಸ ಮೀನು ಮತ್ತು ರೋಗ

ತಂದ ಚೀಲವನ್ನು ಬಿಚ್ಚದೆ 15-20 ನಿಮಿಷ ತೊಟ್ಟಿಯ ನೀರಿನಲ್ಲಿ ತೇಲಿಬಿಡಬೇಕು. ನಂತರ ತೊಟ್ಟಿಯ ನೀರನ್ನು ಸ್ವಲ್ಪ ಸ್ವಲ್ಪವೇ ಚೀಲಕ್ಕೆ ಬೆರೆಸಿ, ಮೀನನ್ನು ಮಾತ್ರ ಬಲೆಯಿಂದ ಎತ್ತಿ ಬಿಡಬೇಕು. ಚೀಲದ ನೀರು ಒಳಗೆ ಹೋಗಬಾರದು. ಮನೆಯಲ್ಲಿ ಆಗಲೇ ಮೀನುಗಳಿದ್ದರೆ ಹೊಸದನ್ನು ಬೇರೆ ಟಬ್ಬಿನಲ್ಲಿ ಎರಡು ಮೂರು ವಾರ ಇಟ್ಟು ನೋಡುವುದು ಉತ್ತಮ. ಹೊಸದಾಗಿ ತಂದ ಹಸುವನ್ನು ಕೆಲವು ದಿನ ಬೇರೆ ಕಟ್ಟುವಂತೆಯೇ ಇದು.

ಮೈಮೇಲೆ ಉಪ್ಪಿನ ಕಣ ಚೆಲ್ಲಿದಂತೆ ಬಿಳಿ ಚುಕ್ಕೆ ಕಾಣಿಸಿದರೆ ಅದು ಪರಾವಲಂಬಿ ಜೀವಿಯಿಂದ ಬರುವ ಬಿಳಿಚುಕ್ಕೆ ರೋಗ. ನೀರು ದಿಢೀರನೆ ತಣ್ಣಗಾದ ಮೇಲೆ ಇದು ಸಾಮಾನ್ಯ. ಉಷ್ಣತೆಯನ್ನು ದಿನಕ್ಕೆ ಒಂದೆರಡು ಡಿಗ್ರಿಯಂತೆ 28-30ಕ್ಕೆ ಏರಿಸಿ, ಗಾಳಿ ಹೆಚ್ಚಿಸಿ, ಲೀಟರಿಗೆ 1ರಿಂದ 2 ಗ್ರಾಂ ಕಲ್ಲುಪ್ಪನ್ನು ಕರಗಿಸಿ ಹಾಕಬಹುದು. ಗಪ್ಪಿ, ಮೊಲ್ಲಿಗಳು ಉಪ್ಪನ್ನು ಚೆನ್ನಾಗಿ ತಾಳುತ್ತವೆ. ಟೆಟ್ರಾ, ಬೆಕ್ಕುಮೀನು ಮತ್ತು ನೀರುಗಿಡಗಳು ಅಷ್ಟಾಗಿ ತಾಳವು.

ಮೀನುಗಳು ಮೇಲೆ ಬಂದು ಬಾಯಿ ಬಿಡುವುದು, ರೆಕ್ಕೆ ಮುದುರಿಕೊಳ್ಳುವುದು, ಮೂಲೆ ಹಿಡಿಯುವುದು ಇವು ಕೆಟ್ಟ ನೀರಿನ ಮೊದಲ ಸೂಚನೆ. ಆಗ ಅಂಗಡಿಯ ನೀಲಿ ಹಳದಿ ಔಷಧಿಗಳನ್ನು ಸುರಿಯುವ ಮೊದಲು ಆಹಾರ ನಿಲ್ಲಿಸಿ, ಗಾಳಿ ಹೆಚ್ಚಿಸಿ, ತೆರೆದಿಟ್ಟಿದ್ದ ನೀರಿನಿಂದ ನಾಲ್ಕನೆಯ ಒಂದು ಪಾಲನ್ನು ನಿಧಾನವಾಗಿ ಬದಲಿಸಬೇಕು. ಇದಕ್ಕಾಗಿ ಒಂದು ಬಕೇಟು ನೀರು ಸದಾ ಸಿದ್ಧವಾಗಿರಲಿ. ಅಮೋನಿಯಾ, ನೈಟ್ರೈಟ್, ರಸಸಾರ ನೋಡುವ ಪರೀಕ್ಷಾ ಪೆಟ್ಟಿಗೆಗಳು ಮೀನಿನ ಅಂಗಡಿಗಳಲ್ಲಿ ದೊರೆಯುತ್ತವೆ. ಮಾರಾಟಕ್ಕೆ ಸಾಕುವವರಿಗೆ ಇದು ಅತ್ಯಗತ್ಯ. ಹೆಚ್ಚಿನ ಸಲಹೆಗೆ ಮೀನುಗಾರಿಕೆ ಇಲಾಖೆಯ ಕಚೇರಿಯನ್ನಾಗಲಿ, 1969ರಲ್ಲಿ ಆರಂಭವಾದ ಮಂಗಳೂರಿನ ಮೀನುಗಾರಿಕಾ ಕಾಲೇಜನ್ನಾಗಲಿ ಸಂಪರ್ಕಿಸಬಹುದು.

ಸಿಮೆಂಟು ತೊಟ್ಟಿಯಲ್ಲಿ ಸಾಕುವವರಿಗೆ

ಹೊಸ ಸಿಮೆಂಟಿನಿಂದ ಸುಣ್ಣದ ಅಂಶ ಬಿಟ್ಟು ನೀರಿನ ರಸಸಾರ ಬಹಳ ಏರುತ್ತದೆ. ಎರಡು ಮೂರು ವಾರ ನೀರು ತುಂಬಿಸಿ, ಹಲವು ಸಲ ಬದಲಿಸಿ, ರಸಸಾರ 8ರ ಆಸುಪಾಸಿಗೆ ಇಳಿದ ಮೇಲೆಯೇ ಮೀನು ಬಿಡಬೇಕು. ಮೊದಲು ನಾಲ್ಕು ಮೀನು ಬಿಟ್ಟು ಎರಡು ದಿನ ನೋಡುವುದು ಕ್ಷೇಮ. ಬೇಸಿಗೆಗೆ ನೆರಳು ಪರದೆ, ಮಳೆಗಾಲಕ್ಕೆ ಬಲೆ ಕಟ್ಟಿದ ತೂಬು, ಹಕ್ಕಿಗಳಿಗೆ ಮೇಲೊಂದು ಬಲೆ ಇರಬೇಕು. ಜಮೀನಿನಿಂದ ಹರಿದು ಬರುವ ನೀರು ತೊಟ್ಟಿಗೆ ಸೇರದಂತೆ ಕಟ್ಟೆಯನ್ನು ನೆಲದಿಂದ ಎತ್ತರಿಸಬೇಕು. ಎಲ್ಲ ಮೀನನ್ನೂ ಒಂದೇ ತೊಟ್ಟಿಯಲ್ಲಿಡದೆ ಎರಡು ಮೂರರಲ್ಲಿ ಹಂಚಿದರೆ ಒಂದರಲ್ಲಿ ತಪ್ಪಾದರೂ ಉಳಿದದ್ದು ಕೈಗೆ ಸಿಗುತ್ತದೆ.

ಸಾಕುವುದು ಬೇಡವೆನಿಸಿದಾಗ ಮೀನನ್ನು ಕೆರೆಗೋ ಬಾವಿಗೋ ಬಿಡಬಾರದು. ಗಾಜು ಶುಚಿ ಮಾಡಲೆಂದು ತಂದ ಸಕ್ಕರ್ ಮೀನು ಹೀಗೆ ಹೊರಬಿದ್ದು ಕೇರಳ, ಆಂಧ್ರಪ್ರದೇಶಗಳ ನೀರಿನಲ್ಲಿ ನೆಲೆಯೂರಿ, ಸ್ಥಳೀಯ ಮೀನುಗಳಿಗೂ ಬೆಸ್ತರ ಬಲೆಗಳಿಗೂ ಕಂಟಕವಾಗಿದೆ. ಬೇಡವಾದ ಮೀನನ್ನು ಸಾಕುವ ಮತ್ತೊಬ್ಬರಿಗೆ ಕೊಡುವುದು ಸರಿಯಾದ ದಾರಿ.

ಮೀನು ಕೂಗುವುದಿಲ್ಲ, ಹಸುವಿನಂತೆ ಹಗ್ಗ ಜಗ್ಗುವುದಿಲ್ಲ. ತನ್ನ ಕಷ್ಟವನ್ನು ಅದು ನೀರಿನ ಮೂಲಕವೇ ತಿಳಿಸಬೇಕು. ಬೆಳಿಗ್ಗೆ ಎದ್ದೊಡನೆ ಎರಡು ನಿಮಿಷ ತೊಟ್ಟಿಯ ಮುಂದೆ ನಿಂತು ಮೀನುಗಳನ್ನು ಎಣಿಸಿ, ಉಸಿರಾಟವನ್ನು ನೋಡಿ, ನೀರಿನ ವಾಸನೆ ಗಮನಿಸುವ ಮನೆಯಲ್ಲಿ ಮೀನು ಬಹುಕಾಲ ಬಾಳುತ್ತದೆ. ಮುಂದಿನ ಹಬ್ಬಕ್ಕೆ ಗಾಜಿನ ಹೊರಮೈಯನ್ನು ಒದ್ದೆ ಬಟ್ಟೆಯಿಂದ ಒರೆಸಿದರೆ ಸಾಕು. ಒಳಗಿನ ಹದವನ್ನು ಹಾಗೆಯೇ ಬಿಡಬೇಕು.